ಟಂಕಸಾಲಿ ತಪ್ಪೋ, ಆಮ್ಯಾಲೆ ಕೆಟ್ಟದ್ದೋ

ತಿಳೀಲಾರದ ವಿಷಯಕ್ಕ ಕೈ ಹಾಕೂದು, ಮಾರಿ ಸಣ್ಣ ಮಾಡಕೊಂಡು ಮನಿಗೆ ಬರೂದು, ಇದು ನನಗ ಹುಟ್ಟಿದಾಗಿಂದ ಅಂಟಿಕೊಂಡೈತಿ. ಸ್ವಾತಂತ್ರ್ಯ ಬಂದ ಹೊಸತು, ನಾನು ಗದಗಿನ್ಯಾಗ ಶಾಲಿ ಮಾಸ್ತರ. ನೆಂಟರ ಮದಿವ್ಯಾಗ ಲಕ್ಷ್ಮೇಶ್ವರದ ಒಬ್ಬಾಕಿ ಹುಡುಗೀನ ನೋಡಿ, ಮಾಡಿಕೊಂಡ್ರ ಈಕೀನ್ನ ಅಂತ ಕುಂತಬಿಟ್ಟಿದ್ದೆ. ಆಕಿ ಅಪ್ಪಾರು ಪಿಂಚಣಿ ತಗೊಂಡ ಕಾರಕೂನರು, ಹಳೇ ನಾಣ್ಯ ಅಂದ್ರ ಜೀವಾ ಬಿಡವ್ರು. ‘ಟಂಕಸಾಲ್ಯಾಗ ತಪ್ಪಿ ಅಚ್ಚಾದದ್ದು ಯಾವುದು, ಆಮ್ಯಾಲೆ ಕೆಟ್ಟದ್ದು ಯಾವುದು, ಗುರುತು ಹಿಡದಾಂವಗ ಮಗಳ್ನ ಕೊಡ್ತೀನಿ’ ಅಂತ ಹಟ ಹಿಡಿದಿದ್ರು.

ನಾನು ಓಡಿಹೋಗಿ ಒಬ್ಬ ಪತ್ತಾರ ಅಜ್ಜನ ಕಾಲು ಹಿಡಿದೆ. ಬೆಳ್ಳಿ ಬಂಗಾರದ ಕೆಲಸದಾಗ ಕೂದಲಾ ಬೆಳ್ಳಗ ಮಾಡಕೊಂಡ ಮನಶ್ಯಾ.

‘ಮಾಸ್ತರ, ಬಣ್ಣ ನೋಡಿ ಮರುಳಾಗಬ್ಯಾಡ್ರಿ. ಬಣ್ಣ ಕೆಡಾಕ ಬೆಂಕಿ, ಹುಳಿ, ಮಣ್ಣು ಏನಾದ್ರೂ ಸಾಕು. ಟಂಕಸಾಲಿ ತಪ್ಪು ಸಿಗೂದು ಭಾಳ ಅಪರೂಪ’ ಅಂದ.

‘ತಿಳೀತು’ ಅಂದೆ. ಏನೂ ತಿಳಿದಿರಲಿಲ್ಲ.

೧. ಮಾರಿ ಇಲ್ಲದ ರಾಜ

ಮಾಸ್ತರಗ ನಾಣ್ಯ ತಿಳೀತಾವಂತ ಅಂತ ಸುದ್ದಿ ಹಬ್ಬಿತು. ಶಿರಹಟ್ಟಿಗೆ ಹೋದಾಗ, ಚಳವಳ್ಯಾಗ ಜೈಲು ಕಂಡು ಬಂದ ಒಬ್ಬ ಅಜ್ಜಾರು ಕರ್ರಗಾದ ಒಂದು ರೂಪಾಯಿ ತಂದು ಕೈಯಾಗಿಟ್ರು. ಒಂದು ಮಗ್ಗಲು ಅಕ್ಷರ ಛಲೋ ಇದ್ವು. ಇನ್ನೊಂದು ಮಗ್ಗಲು ರಾಜನ ಮಾರೀನ ಇಲ್ಲ, ಬರೇ ಬಯಲು.

ರೂಪಾಯಿ ಎರಡೂ ಕಡೆ ಹೊಳ್ಳಿಸಿ ನೋಡಿದೆ. ‘ಅಜ್ಜಾರ, ಟಂಕಸಾಲ್ಯಾಗ ಒಂದ ಕಡೆ ಅಚ್ಚು ಬಿದ್ದೈತ್ರಿ. ಇಂಥಾದ್ದು ಯಾರ ಹಂತ್ಯಾಕೂ ಇರಲಿಕ್ಕಿಲ್ಲ.’

‘ಅಚ್ಚು ಎರಡೂ ಕಡೆ ಬಿದ್ದಿತ್ತು ತಮ್ಮಾ. ಬಿಡುಗಡಿ ಆಗಿ ಬಂದ ಮ್ಯಾಲೆ ಹಿತ್ತಲದ ಒಗಿಯೋ ಕಲ್ಲಿಗೆ ದಿನಾ ತಿಕ್ಕೀನಿ. ಮೂಗೊಂದು ಭಾಳ ಗಟ್ಟಿ ಇತ್ತು ನೋಡು, ಹದಿನೈದು ದಿನಾ ಹಿಡೀತು’ ಅಂದ್ರು.

೨. ನೀಲಿ ಬಿಲ್ಲಿ

ಬೆಟಗೇರ್ಯಾಗ ನೂಲಿಗೆ ಬಣ್ಣಾ ಹಾಕೋ ಒಬ್ಬಾಕಿ ಅಕ್ಕ ಎರಡಾಣೆದ ಒಂದು ಬಿಲ್ಲಿ ತೋರಿಸಿದಳು. ಅಂಚಿನಿಂದ ನಡುವಿನ ತನಕಾ ಕಡುನೀಲಿ. ಪತ್ತಾರ ಅಜ್ಜ ಬಣ್ಣದ ಬಗ್ಗೆ ಹೇಳಿದ್ದು ನೆನಪಿತ್ತು, ಆದ್ರ ನೀಲಿ ಬಗ್ಗೆ ಏನೂ ಹೇಳಿರಲಿಲ್ಲಲ್ಲ! ಬೆಳಕಿಗೆ ಹಿಡಿದೆ, ಕಚ್ಚಿ ನೋಡಿದೆ, ಹಲ್ಲು ಜುಂ ಅಂತು.

‘ಅಕ್ಕಾ, ಟಂಕಸಾಲ್ಯಾಗ ಲೋಹ ಬೆರಸೂ ಮುಂದ ತಪ್ಪೇತ್ರಿ’ ಅಂದೆ.

ಆಕಿ ಬಿಲ್ಲಿ ಇಸಗೊಂಡು, ಮೊಣಕೈ ತನಕಾ ನೀಲಿ ಹತ್ತಿದ್ದ ತನ್ನ ಎರಡೂ ಕೈ ನನ್ನ ಮುಂದ ಚಾಚಿದಳು. ‘ಅದು ಬಣ್ಣದ ಹಂಡೇದಾಗ ಬಿದ್ದಿತ್ತ್ರಿ ಮಾಸ್ತರ. ಹಂಗಾರ ನನ್ನ ಕೈಗೋಳೂ ಟಂಕಸಾಲಿ ತಪ್ಪೇನ್ರಿ?’

೩. ಹೆಣ್ಣು ನೋಡೂದು

ಅಷ್ಟರಾಗ ಲಕ್ಷ್ಮೇಶ್ವರದಿಂದ ಕರೆ ಬಂತು. ಎರಡು ಸಲ ಮರ್ಯಾದಿ ಹೋಗಿತ್ತು. ಈ ಸಲ ಏನ ತೋರಿಸಿದ್ರೂ ‘ಇದು ಆಮ್ಯಾಲೆ ಕೆಟ್ಟದ್ದು’ ಅಂತನ ಹೇಳಬೇಕು ಅಂತ ಬಸ್ಸಿನ್ಯಾಗ ಬಾಯಿಪಾಠ ಮಾಡಕೊಂಡು ಹೋದೆ.

ಹುಡುಗಿ ಅಪ್ಪಾರು ಊರು, ಪಗಾರ ಏನೂ ಕೇಳಲಿಲ್ಲ. ತಾಟಿನ್ಯಾಗ ತಾಮ್ರದ ಒಂದು ಕಾಲಾಣೆ ಇಟ್ರು. ಹಸರ ಹತ್ತಿತ್ತು, ರಾಜನ ಮಾರಿ ಅರ್ಧ ಚಪ್ಪಟಿ.

‘ನೋಡಿ ಹೇಳ್ರಿ’ ಅಂದ್ರು.

ನೋಡಿದೆ. ಕೆಟ್ಟದ್ದ ಇರಬೇಕು ಅನಿಸ್ತು. ಮತ್ತ ನೋಡಿದೆ, ಯಾವುದೂ ಅನಿಸಲಿಲ್ಲ. ಆ ಹೊತ್ತಿಗೆ ಸರಿಯಾಗಿ ಹುಡುಗಿ ಉಪ್ಪಿಟ್ಟಿನ ತಾಟು ಹಿಡಕೊಂಡು ಹೊರಗ ಬಂದಳು. ಬಾಯಿಪಾಠ ಮಾಡಿದ್ದೆಲ್ಲಾ ಹಾರಿಹೋತು.

‘ಟಂಕಸಾಲಿ ತಪ್ಪ್ರೀ’ ಅಂದಬಿಟ್ಟೆ.

ಅಪ್ಪಾರು ಎದ್ದು ಬಂದು ನನ್ನ ಅಪ್ಪಿಕೊಂಡ್ರು. ‘ಹತ್ತು ವರ್ಷದಿಂದ ನಾನೂ ಇದನ್ನ ಹೇಳಾಕತ್ತೀನಿ, ಒಬ್ಬರೂ ಒಪ್ಪವಲ್ರು’ ಅಂತ ಕಣ್ಣೀರು ಒರಿಸಿಕೊಂಡ್ರು. ಅವತ್ತ ಮದಿವಿ ಗಟ್ಟಿ ಆತು.

ಮದಿವಿ ಆಗಿ ಆರು ತಿಂಗಳಿಗೆ ಹೆಂಡತಿ ಮುಂದ ನನ್ನ ಜಾಣತನ ಹೇಳಿಕೊಂಡೆ. ಆಕಿ ರೊಟ್ಟಿ ಬಡಿಯೂದು ನಿಲ್ಲಿಸಲಿಲ್ಲ.

‘ಆ ಕಾಲಾಣೆ ಸಣ್ಣಾಕಿದ್ದಾಗ ಒಳಕಲ್ಲಿನ್ಯಾಗ ಹಾಕಿ ಜಜ್ಜಿದಾಕಿ ನಾನ. ಅಪ್ಪಾರ ಅಂಜಿಕಿಗೆ ಉಪ್ಪಿನಕಾಯಿ ಭರಣ್ಯಾಗ ಮುಚ್ಚಿಟ್ಟಿದ್ದೆ.’

ನನಗ ಭೂಮಿ ಬಾಯಿ ಬಿಟ್ಟಂಗಾತು. ‘ಮತ್ತ ಅವತ್ತ ಯಾಕ ಸುಮ್ಮನ ನಿಂತಿದ್ದಿ?’

‘ನಿಮಗಿಂತಾ ಮುಂಚೆ ಬಂದ ನಾಕೂ ವರಗೋಳು ಖರೇನ ಹೇಳಿ ಊರಿಗೆ ಹೋಗಿದ್ರು’ ಅಂದಳು. ‘ಬಂದವ್ರೆಲ್ಲಾ ಶ್ಯಾಣ್ಯಾರ ಬಂದ್ರ ನನ್ನ ಮದಿವಿ ಆಗೂದು ಯಾವಾಗ್ರಿ?’