ಹುಳದ ಎಣ್ಣಿ ಅಂಗಡಿಯ ಮಧ್ಯಾಹ್ನಗಳು

ರಾಯಚೂರಿನಾಚೆಯ ಗಡಿಯೂರು ಮಕ್ತಲ್‌ನಲ್ಲಿ ನನ್ನದೊಂದು ಕೀಟನಾಶಕದ ಅಂಗಡಿ. ನಮ್ಮ ಕಡೆ ಯಾರೂ ಕೀಟನಾಶಕ ಅನ್ನುವುದಿಲ್ಲ. ಕನ್ನಡದವರಿಗೆ ಅದು ಎಣ್ಣಿ, ತೆಲುಗಿನವರಿಗೆ ಮಂದು. ಊಟದ ಹೊತ್ತು ಮೀರಿದ ಮೇಲೆ ರಾಯಚೂರು ಬಸ್ಸು ಎಬ್ಬಿಸಿದ ಧೂಳು ಬಿಸಿಲಲ್ಲಿ ಮೆಲ್ಲಗೆ ಇಳಿಯುತ್ತಿರುತ್ತದೆ. ಫ್ಯಾನು ತೂಕಡಿಸುತ್ತ ತಿರುಗುತ್ತದೆ, ಕೆಳಗೆ ನಾನೂ ತೂಕಡಿಸುತ್ತೇನೆ. ಸರಿಯಾಗಿ ಅದೇ ಹೊತ್ತಿಗೆ ಯಾರೋ ಬಂದು ಏನೋ ಅಂದು ಹೋಗುತ್ತಾರೆ. ನಡೆದದ್ದೋ, ಕನಸೋ ಅಂತ ಆಮೇಲೆ ನನಗೇ ಅನುಮಾನ.

ಮೂಗಿನ ಪರೀಕ್ಷೆ

ಹತ್ತಿ ಬೆಳೆಯುವ ಅಜ್ಜನೊಬ್ಬ ಹೊಸ ಎಣ್ಣಿ ಒಯ್ದು ಮರುದಿನವೇ ವಾಪಸು ತಂದ.

"ಯಾಕಜ್ಜಾ, ಹುಳ ಸಾಯಲಿಲ್ಲೇನು?"

"ಹೊಡದೇ ಇಲ್ಲೋ ತಮ್ಮಾ. ಇದಕ್ಕ ವಾಸನಿನೇ ಇಲ್ಲ."

"ವಾಸನಿ ಇಲ್ಲಂದ್ರೂ ಕೆಲಸ ಮಾಡ್ತೈತಿ."

"ನಿನಗ ಗೊತ್ತೈತಿ. ನೀ ಹೇಳಿದ ಮ್ಯಾಲ ನನಗೂ ಗೊತ್ತಾತು. ಹುಳಕ್ಕ ಯಾರು ಹೇಳಬೇಕು?"

ಅಣ್ಣ ತಮ್ಮ

ಇಬ್ಬರು ಅಣ್ಣತಮ್ಮಂದಿರು, ಒಂದೇ ಬದುವಿನ ಆಚೆ ಈಚೆ ಹೊಲ. ಒಂದು ದಿನ ತಮ್ಮ ಏದುಸಿರು ಬಿಡುತ್ತ ಬಂದ. "ನಮ್ಮಣ್ಣ ಮುಂಜಾನಿಂದ ಪಂಪ್ ಹಿಡಕೊಂಡು ಹೊಡ್ಯಾಕತ್ಯಾನ. ಅವಾ ಏನು ಒಯ್ದಾನೋ ನನಗೂ ಅದನ್ನ ಕೊಡ್ರಿ."

ಅಣ್ಣ ನನ್ನ ಹತ್ತಿರ ಏನೂ ಒಯ್ದಿರಲಿಲ್ಲ. "ನಿನ್ನ ಹೊಲದಾಗ ಹುಳ ನೋಡಿಯೇನು?" ಅಂದೆ.

"ನೋಡಾಕ ಪುರಸೊತ್ತೆಲ್ಲೈತ್ರೀ? ಅವಾ ಹೊಡದ್ರ ಅವನ ಹುಳ ಎಲ್ಲಾ ನನ್ನ ಹೊಲಕ್ಕ ಬರ್ತಾವ!"

ಕೊಟ್ಟೆ, ಸುಳ್ಳು ಯಾಕೆ ಹೇಳಲಿ. ಸಂಜೆಗೆ ಅಣ್ಣ ಬಂದ. "ತಮ್ಮ ಏನೋ ಹೊಡದನಂತ. ನನಗೂ ಅದನ್ನೇ ಕೊಡ್ರಿ."

"ಮುಂಜಾನೆ ನೀವು ಹೊಡದದ್ದು ಏನ್ರೀ?"

"ನಾನಾ? ನೀರು. ಪಂಪ್ ತೊಳ್ಯಾಕತ್ತಿದ್ದೆ."

ಡಬ್ಬಿಯಲ್ಲಿ ಬಂದವು

ಮೆಣಸಿನಕಾಯಿ ಬೆಳೆಯುವ ಅಕ್ಕನೊಬ್ಬಳು ಊಟದ ಡಬ್ಬಿ ತಂದು ಮೇಜಿನ ಮೇಲಿಟ್ಟಳು. ಒಳಗೆ ಕೆಂಪು ಬೆನ್ನಿನ ಮೇಲೆ ಕಪ್ಪು ಚುಕ್ಕೆಯ ಪುಟ್ಟ ಹುಳಗಳು. "ಇವನ್ನ ಸಾಯಿಸೋ ಎಣ್ಣಿ ಕೊಡ್ರಿ."

ಕೈ ಬಾಟಲಿಯ ಕಡೆಗೆ ಹೋಗಿತ್ತು. ಯಾಕೋ ಮನಸ್ಸು ಬರಲಿಲ್ಲ. "ಇವು ಗುಲಗಂಜಿ ಹುಳ, ಅಕ್ಕಾ. ಬೆಳಿಯ ಮ್ಯಾಲಿನ ಹೇನು ತಿಂತಾವ. ಇವನ್ನ ಕೊಂದ್ರ ನಿಮ್ಮ ಕೂಲಿಯವರನ್ನ ನೀವೇ ಕೊಂದಂಗ."

ಅಷ್ಟರಲ್ಲಿ ಒಂದು ಹುಳ ಡಬ್ಬಿಯಿಂದ ಇಳಿದು, ವಿಷದ ಬಾಟಲಿ ಹತ್ತಿ, ಮುಚ್ಚಳದ ಮೇಲೆ ರೆಕ್ಕೆ ಬಿಚ್ಚಿ ಮಡಚಿ ಕೂತಿತು. ಅಕ್ಕ ಬಗ್ಗಿ ಅದನ್ನೇ ನೋಡಿದಳು.

"ಹೇನು ತಿಂತಾವ, ನಿಮ್ಮ ಎಣ್ಣಿಗೂ ಅಂಜಂಗಿಲ್ಲ," ಅಂದಳು ಅಕ್ಕ. "ಹಂಗಾರ ಇವನ್ನೇ ಇನ್ನೊಂದು ಡಬ್ಬಿ ಕೊಡ್ರಿ."

ಮಾಸ್ಕ್

ಗದ್ವಾಲ ದಾರಿಯ ರೈತನೊಬ್ಬ ನನ್ನ ಓರಗೆಯವನು. ಗಾಳಿಗೆ ಎದುರಾಗಿ ಎಣ್ಣಿ ಹೊಡೆದು ಹೊಲದಲ್ಲೇ ತಲೆ ಸುತ್ತಿ ಬಿದ್ದ. ಎರಡು ದಿನ ದವಾಖಾನೆಯಲ್ಲಿದ್ದು ಬದುಕಿ ಬಂದ. ಬಾಟಲಿ ಕೊಟ್ಟ ಕೈ ನನ್ನದು; ಆ ಎರಡು ದಿನ ನನಗೆ ಅನ್ನ ಸೇರಲಿಲ್ಲ. ಅವನು ಅಂಗಡಿಗೆ ಬಂದಾಗ ಒಂದು ಮಾಸ್ಕ್ ಕೊಟ್ಟು, ಕಟ್ಟುವುದು ಹೇಗೆಂದು ತೋರಿಸಿ, ಇದಿಲ್ಲದೆ ಹೊಡೆಯುವುದಿಲ್ಲ ಅಂತ ಆಣೆ ಮಾಡಿಸಿಕೊಂಡೆ.

ಕೆಲವು ದಿನಗಳ ಮೇಲೆ ಬೈಕಿನಲ್ಲಿ ಆ ಕಡೆ ಹೋದೆ. ಹತ್ತಿ ಹೂ ಬಿಟ್ಟಿತ್ತು. ಬಿಸಿಲ ಝಳದಲ್ಲಿ ಹೊಲವೇ ನೀರಿನಂತೆ ಅಲುಗುತ್ತಿತ್ತು. ಆ ಹಳದಿ ಹೂಗಳ ನಡುವೆ ದೂರದಲ್ಲಿ ಒಂದು ಬಿಳಿ ಮಾಸ್ಕ್ ಅತ್ತಿತ್ತ ಆಡುತ್ತಿತ್ತು. ನನ್ನ ಎದೆ ತುಂಬಿ ಬಂತು.

ಹತ್ತಿರ ಹೋದೆ. ಮಾಸ್ಕ್ ಇದ್ದದ್ದು ಕರುವಿನ ಮೂತಿಗೆ. ಪಕ್ಕದಲ್ಲಿ ಅವನು ಬರಿ ಮುಖದಲ್ಲಿ ಪಂಪ್ ಹೊಡೆಯುತ್ತಿದ್ದ.

"ಏನೋ ಇದು?" ಅಂತ ಕೂಗಿದೆ.

"ಎಣ್ಣಿ ಹೊಡದ ಗಿಡಕ್ಕ ಬಾಯಿ ಹಾಕ್ತೈತ್ರಿ. ತಿಂದ್ರ ಸಾಯಂಗಿಲ್ಲೇನು? ಪಾಪ, ತಿಳುವಳಿಕಿ ಇಲ್ಲದ್ದು."

ಬೈಕಿನ ಚೀಲದಿಂದ ಇನ್ನೊಂದು ಮಾಸ್ಕ್ ತೆಗೆದು ಅವನ ಕೈಗಿಟ್ಟೆ. ಹಿಂದೆ ಮುಂದೆ ತಿರುಗಿಸಿ ನೋಡಿದ. ಅವನ ಕಣ್ಣು ಅರಳಿತು.

"ಭೇಷಾತ್ರಿ! ಇದರ ತಾಯಿಗೂ ಒಂದು ಬೇಕಾಗಿತ್ತು."