ಮಂಚದ ಮೇಲಿನ ಅಂತರಿಕ್ಷಯಾನ

ಮೇಷ್ಟ್ರಿಗೆ ಸಿಟ್ಟು ನೆತ್ತಿಗೇರಿತ್ತು. (ನೆತ್ತಿಯೇ ಕೆಳಗಿದ್ದುದರಿಂದ ಇಳಿದಿತ್ತು ಎನ್ನಬೇಕು.) ಮಂಚದ ಕಾಲ ಕಡೆಗೆ ಇಟ್ಟಿಗೆ ಕೊಟ್ಟು, ತಲೆ ತಗ್ಗಿಸಿ, ವಾರಗಟ್ಟಲೆ ಅಂಗಾತ ಮಲಗಿದ್ದ ಆ ಮಹಾಪುರುಷನ ಕಿವಿಯ ಪಕ್ಕದಲ್ಲೇ ಹೆಂಡತಿ ಹೊಲಿಗೆ ಯಂತ್ರವನ್ನು ದಡದಡ ತುಳಿಯುತ್ತಿದ್ದಳು.

“ನಿಲ್ಲಿಸೇ ಅದನ್ನ! ನಾನಿಲ್ಲಿ ಅಂತರಿಕ್ಷದಲ್ಲಿದ್ದೀನಿ!”

“ಅಲ್ಲೇ ಇರಿ. ಇಳಿದು ಬಂದು ನೀರು ಹೊರ್ತೀನಿ ಅಂದ್ರೆ ಮಾತ್ರ ಕೂಗಿ.”

ಮೇಷ್ಟ್ರ ಡಾಕ್ಟರೇಟ್ ಪದವಿ ಈ ಮಂಚದ ಮೇಲೆ ನಿಂತಿತ್ತು, ಅಲ್ಲ, ಮಲಗಿತ್ತು. ಭಾರವೇ ಇಲ್ಲದ ಅಂತರಿಕ್ಷದಲ್ಲಿ ಕಾಲಿಗೆ ಕೆಲಸವಿಲ್ಲ. ಹಾಸಿಗೆ ಹಿಡಿದವರಿಗೂ ಅಷ್ಟೆ; ತಲೆ ತಗ್ಗಿಸಿ ಮಲಗಿದರಂತೂ ರಕ್ತವೂ ಅಲ್ಲಿಯ ಹಾಗೇ ತಲೆಯ ಕಡೆಗೆ ಹರಿಯುತ್ತದೆ. ಕೆಲಸವಿಲ್ಲದ ಸ್ನಾಯು ಸೊರಗುತ್ತದೆ, ರಕ್ತದ ಸಕ್ಕರೆಯನ್ನು ಸರಿಯಾಗಿ ಎಳೆದುಕೊಳ್ಳುವುದಿಲ್ಲ, ಕೊಬ್ಬು ಉರಿಸಲು ಮೈಗಳ್ಳತನ ಮಾಡುತ್ತದೆ. ಇದನ್ನು ತಮ್ಮ ಕಾಲಿನಲ್ಲೇ ತೋರಿಸುವುದಾಗಿ ಅವರು ಸಂಶೋಧನೆಯ ಗುರುಗಳಿಗೆ ಮಾತು ಕೊಟ್ಟಿದ್ದರು. ಮಲಗುವ ಮುಂಚೆ ಕಾಲಿನ ಸ್ನಾಯುವಿಗೆ ಒಂದು ಪರೀಕ್ಷೆ, ಕೊನೆಗೊಂದು.

“ಮದುವೆಯಾದಾಗಿಂದ ಇದನ್ನೇ ಮಾಡ್ತಿದ್ರಲ್ಲ, ಆಗ್ಯಾಕೆ ಪದವಿ ಕೊಡ್ಲಿಲ್ಲ?”

“ಅದು ವಿಶ್ರಾಂತಿ! ಇದು ಸಂಶೋಧನೆ!”

“ವ್ಯತ್ಯಾಸ ಅಂದ್ರೆ ಆ ಇಟ್ಟಿಗೆ ತಾನೆ? ಅದನ್ನೂ ಹೊತ್ತು ತಂದೋಳು ನಾನೇ.”

ಮೇಷ್ಟ್ರು ಕೆರಳಿ ದಿಂಬು ಎಸೆದರು. ಅದು ಯಂತ್ರದವರೆಗೂ ಹೋಗಲಿಲ್ಲ. (ಸ್ನಾಯು ಸೊರಗಿದೆ ಎಂದು ಒಳಗೊಳಗೇ ಹಿಗ್ಗಿದರು.)

ಕೊನೆಯ ಪರೀಕ್ಷೆಯ ಫಲಿತಾಂಶ ಹಿಡಿದು ಗುರುಗಳೇ ಮನೆಗೆ ಬಂದರು. ಮುಖ ಕೆಂಪಾಗಿತ್ತು.

“ಏನಯ್ಯಾ ಇದು? ಮಲಗೋ ಮುಂಚೆ ಇದ್ದ ಹಾಗೇ ಇದೆಯಲ್ಲ!”

“ಸಾಧ್ಯವೇ ಇಲ್ಲ ಸಾರ್! ಕದ್ದು ಒಂದು ಹೆಜ್ಜೇನೂ ಇಟ್ಟಿಲ್ಲ!”

“ಇಡೋನಲ್ಲ ಅಂತ ಗೊತ್ತು. ಮೊದಲನೇ ಸಲವೇ ನಿನ್ನ ಕಾಲು ಅಂತರಿಕ್ಷದಿಂದ ಆಗಷ್ಟೇ ಇಳಿದೋರ ಕಾಲಿನ ಹಾಗಿತ್ತು. ನಮ್ಮ ಪರೀಕ್ಷೆಯ ಯಂತ್ರ ಕೆಟ್ಟಿರಬೇಕು ಅಂದ್ಕೊಂಡೆ. ಇನ್ನು ಸೊರಗೋಕೆ ಅಲ್ಲಿ ಏನಯ್ಯಾ ಉಳಿದಿದೆ? ಈ ಪ್ರಯೋಗಕ್ಕೆ ದುಡಿದ ಕಾಲು ಬೇಕು!”

ದಡದಡ ಸದ್ದು ನಿಂತಿತು. ಗುರುಗಳ ದೃಷ್ಟಿ ಹೊಲಿಗೆ ಯಂತ್ರದ ಕೆಳಗೆ, ಅವಳ ಕಾಲುಗಳತ್ತ ಹೋಯಿತು.

“ತಾಯೀ, ನೀವು ಸ್ವಲ್ಪ ದಿನ ಮಲಗ್ತೀರಾ?”

“ಏಳೋ ಹಾಗೇ ಇಲ್ವಾ?”

“ಇಲ್ಲ. ಊಟ, ನೀರು, ಎಲ್ಲ ಮಂಚಕ್ಕೇ ಬರ್ಬೇಕು.”

“ಇವರ ಪದವಿ?”

“ನೀವು ಮಲಗಿದ್ರೆ ಬರುತ್ತೆ.”

ಮೇಷ್ಟ್ರು ಬಾಯಿ ತೆರೆಯುವಷ್ಟರಲ್ಲಿ ಅವಳು ಸೆರಗು ಕೊಡವಿ ಎದ್ದಿದ್ದಳು. ಗಂಡನನ್ನು ಕೆಳಗಿಳಿಸಿ, ಮಂಚ ಹತ್ತಿ, ಕಾಲು ಚಾಚಿದಳು. ಮೇಷ್ಟ್ರ ಮೊಣಕಾಲು ಗಡಗಡ ನಡುಗುತ್ತಿತ್ತು. ಸ್ನಾಯು ಸೊರಗಿಯೋ, ಸಿಟ್ಟಿಗೋ, ಅವರಿಗೇ ತಿಳಿಯಲಿಲ್ಲ.

“ರೀ, ಆ ಬಟ್ಟೆಗಳನ್ನ ಸಂಜೆಯೊಳಗೆ ಹೊಲಿದು ಕೊಡ್ಬೇಕು. ಅದಕ್ಕೂ ಮುಂಚೆ ಇನ್ನೊಂದೆರಡು ಇಟ್ಟಿಗೆ ಹೊತ್ತು ತನ್ನಿ. ನನಗ್ಯಾಕೋ ಇನ್ನೂ ನೆಲದ ಮೇಲೇ ಇದ್ದ ಹಾಗಿದೆ.”