ಅಳಿಯನಿಗೆ ಕೊಟ್ಟ ಫೋನು

ಹುಣಸಮಾರನಹಳ್ಳಿಯ ಚಿಕ್ಕಬೈರಪ್ಪನ ಮಾನ ಹೋಗಿದ್ದು ಒಂದು ಉಡುಗೊರೆಯಿಂದ. ಅದೂ ಅವನೇ ಕೈಯಾರೆ ಕೊಟ್ಟ ಉಡುಗೊರೆ.

ಮಗಳು ಇಂದುವಿನ ನಿಶ್ಚಿತಾರ್ಥದಲ್ಲಿ ಭಾವಿ ಅಳಿಯ ಗಿರಿಗೆ ಬಟ್ಟೆ, ವಾಚಿನ ಜೊತೆಗೆ ಒಂದು ಹೊಸ ಫೋನನ್ನೂ ತಟ್ಟೆಯಲ್ಲಿಟ್ಟು ಕೊಟ್ಟಿದ್ದ. ಆಗೆಲ್ಲ ಹಾಗೆ ಕೊಡುವುದು ಒಂದು ಗತ್ತು. ಆದರೆ ಕೊಡುವ ಮುಂಚೆ ಅದನ್ನು ಮತ್ತಿಕೆರೆಯ ಜಾಫರನ ಮೊಬೈಲ್ ಅಂಗಡಿಗೆ ಒಯ್ದು, ಅದರೊಳಗೆ ಒಂದು ಆಪ್ ಕೂರಿಸಿದ್ದ. ಆ ಫೋನಿನ ವಾಟ್ಸಾಪಿಗೆ ಏನು ಬಂದರೂ, ಅದರಿಂದ ಏನು ಹೋದರೂ, ಒಂದು ನಕಲು ಚಿಕ್ಕಬೈರಪ್ಪನ ಫೋನಿಗೆ ಟಣ್ ಎಂದು ಬಂದು ಬೀಳುವ ಏರ್ಪಾಡು ಅದು.

"ಸಾರ್, ಇದ್ರಲ್ಲಿ ನಂಬರ್ ಮಾತ್ರ ಬರುತ್ತೆ, ಹೆಸ್ರು ಬರಲ್ಲ," ಎಂದಿದ್ದ ಜಾಫರ್. "ಅಲ್ಲಾ ಸಾರ್, ಇದೆಲ್ಲ ಬೇಕಾ? ಇನ್ನೊಬ್ರ ಮಾತು ಕದ್ದು ಓದೋದು ಚೆನ್ನಾಗಿರಲ್ಲ."

"ಮಗಳು ನಿಂದಾ ನಂದಾ? ಆಕು ಸುಮ್ನೆ."

ಪಾಪ, ಚಿಕ್ಕಬೈರಪ್ಪನ ಸಂಕಟ ಸುಳ್ಳಲ್ಲ. ಇರುವುದೊಂದೇ ಮಗಳು. ಹುಡುಗನ ಬಗ್ಗೆ ಟೀ ಅಂಗಡಿ, ಕ್ಷೌರದಂಗಡಿ, ಕೊನೆಗೆ ಅವನಿಗೆ ಪಾಠ ಹೇಳಿದ ಮೇಷ್ಟರ ಹತ್ತಿರವೂ ವಿಚಾರಿಸಿದ್ದ. ಕುಡಿಯುವುದಿಲ್ಲ, ಸೇದುವುದಿಲ್ಲ, ಜಗಳವಿಲ್ಲ. ಒಂದು ಸಣ್ಣ ಚಟ ಸಿಕ್ಕಿದ್ದರೂ ನೆಮ್ಮದಿಯಾಗಿ ನಿದ್ದೆ ಮಾಡುತ್ತಿದ್ದನೇನೋ. ಏನೂ ಸಿಗದೆ ಹೋದದ್ದರಿಂದ ದೊಡ್ಡದೇನೋ ಇದೆ ಎಂದು ಗಟ್ಟಿಯಾಯಿತು.

ಎರಡು ವಾರ ಒಂದು ಟಣ್ ಕೂಡ ಬರಲಿಲ್ಲ. ಮದುವೆಗೆ ಇಪ್ಪತ್ತು ದಿನ ಇರುವಾಗ ಒಂದು ಬೆಳಿಗ್ಗೆ, ಜಗಲಿಯ ಮೇಲೆ ಕೂತು ಪೇಪರ್ ಓದುತ್ತಿದ್ದಾಗ ಸಾಲಾಗಿ ನಾಲ್ಕು ಬಂದವು. ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡ. ಚಿಕ್ಕಬೈರಪ್ಪ ಕನ್ನಡಕ ಏರಿಸಿ, ಕೂಡಿಸಿ ಕೂಡಿಸಿ ಓದಿದ.

ಅಳಿಯನ ಫೋನಿನಿಂದ: "ಗುರುವಾರ ಹೆಬ್ಬಾಳಕ್ಕೆ ಬರ್ತೀರಲ್ಲ?"

ಯಾವುದೋ ನಂಬರಿನಿಂದ: "ಬರ್ತೀನಿ. ಇವ್ರಿಗೆ ಅಕ್ಕನ ಮನೆಗೆ ಅಂತ ಹೇಳಿ ಬರ್ತೀನಿ."

"ಗೊತ್ತಾದ್ರೆ?"

"ಇವ್ರಿಗೆ ಗೊತ್ತಾಗೋದು ಯಾವತ್ತು ಬಿಡಿ."

ಚಿಕ್ಕಬೈರಪ್ಪ ಪೇಪರನ್ನು ಪಕ್ಕಕ್ಕೆ ಎಸೆದ. ಹೆಂಗಸು! ಅದೂ ಗಂಡ ಇರುವ ಹೆಂಗಸು! ಹೆಂಡತಿ ಗಂಗರತ್ನಮ್ಮನಿಗೆ ಹೇಳೋಣವೆಂದರೆ ಅವಳು ಗಿರಿಯ ಹೆಸರೆತ್ತಿದರೆ ದೇವರ ಹೆಸರೆತ್ತಿದ ಹಾಗೆ ಆಡುವವಳು. ಸೀದಾ ಪಕ್ಕದ ಮನೆಯ ಕದಿರಪ್ಪನ ಹತ್ತಿರ ಹೋಗಿ, ಯಾರಿಗೂ ಹೇಳಬಾರದೆಂದು ಆಣೆ ಹಾಕಿಸಿ ತೋರಿಸಿದ. ಕದಿರಪ್ಪ ಆಣೆಗೆ ತಪ್ಪುವವನಲ್ಲ. ಬಾಯಿಬಿಟ್ಟು ಯಾರಿಗೂ ಏನೂ ಹೇಳದೆ, "ಚಿಕ್ಕಬೈರಪ್ಪನ ಮನೇತಾವ ಸ್ವಲ್ಪ ಬನ್ನಿ" ಎಂದಷ್ಟೇ ಅಂದುಕೊಂಡು ಬೀದಿ ಸುತ್ತಿ ಬಂದ. ಹತ್ತು ಗಂಟೆಯ ಹೊತ್ತಿಗೆ ನಡುಮನೆಯಲ್ಲಿ ಏಳು ಜನ ಗಂಡಸರು ಕೂತಿದ್ದರು. ಅಡುಗೆಮನೆಯಿಂದ ಗಂಗರತ್ನಮ್ಮ, ಮದುವೆ ಕೆಲಸದ ಮಾತಿರಬೇಕೆಂದು, ಕೇಳದಿದ್ದರೂ ಕಾಫಿ ಕಳಿಸಿದಳು.

"ಬೀಗರನ್ನ ಕರ್ಸು," ಎಂದ ಕದಿರಪ್ಪ. "ಮುಖದ ಮೇಲೇ ಏಳ್ಬುಡಾನ. ಈಗ್ಲೇ ಮುರ್ಕೊಂಡ್ರೆ ಮಗಳಾದ್ರೂ ಉಳೀತಾಳೆ."

ಗಿರಿಯ ತಂದೆ ಯಲಹಂಕದಿಂದ ಗಾಬರಿಯಾಗಿ ಓಡಿ ಬಂದರು. ಕೂತು ಕಾಫಿ ಲೋಟ ಕೈಗೆತ್ತಿಕೊಳ್ಳುವಷ್ಟರಲ್ಲಿ ಮತ್ತೆ ಟಣ್, ಟಣ್, ಟಣ್.

"ನೋಡಿ ಬೀಗ್ರೇ, ನಿಮ್ಮ ಮಗನ ಚರಿತ್ರೆ," ಎಂದು ಚಿಕ್ಕಬೈರಪ್ಪ ಎದ್ದು ನಿಂತ. ಗಂಟಲು ಸರಿಮಾಡಿಕೊಂಡ. "ಯಾವಳೋ ಬರ್ದವ್ಳೆ, ಕೇಳಿ. 'ಈ ಮನುಷ್ಯನ ಜೊತೆ ಇಪ್ಪತ್ತಾರು ವರ್ಷ ಹೆಂಗೆ ತಳ್ಳಿದೀನೋ ನಂಗೇ ಗೊತ್ತು.'"

"ಇಪ್ಪತ್ತಾರು ವರ್ಸ!" ಕದಿರಪ್ಪ ಹೌಹಾರಿದ. "ಹುಡುಗನ ವಯಸ್ಸೇ ಅಷ್ಟಿಲ್ವಲ್ಲಪ್ಪ!"

"'ಎಲ್ಲಾರ ಮೇಲೂ ಅನುಮಾನ. ಹಾಲಿಗೆ ನೀರು ಹಾಕಿದಾರೆ ಅಂತ ದಿನಾ ಬೆರಳು ಅದ್ದಿ ನೋಡ್ತಾರೆ. ತಲೆಗೆ ಬಣ್ಣ ಹಚ್ಕೊಂಡು ದಿಂಬೆಲ್ಲಾ ಕಪ್ಪು. ಕೇಳಿದ್ರೆ ದಿಂಬು ಹಳೇದಾಯ್ತು ಅಂತಾರೆ.'"

ನಡುಮನೆಯಲ್ಲಿ ನಗು ಸಿಡಿಯಿತು. ಎಲ್ಲರಿಗಿಂತ ಜೋರಾಗಿ ನಕ್ಕವನು ಚಿಕ್ಕಬೈರಪ್ಪನೇ. "ಯಾವನೋ ಬಡಪಾಯಿ ಪಾಪ," ಎಂದು ಕಣ್ಣೊರೆಸಿಕೊಂಡ.

"ಅಂಥ ಗಂಡಂಗೆ ಇಂಗೇ ಆಗ್ಬೇಕು ಬುಡು," ಎಂದ ಕದಿರಪ್ಪ. "ಆ ನಂಬರ್ನ ಒಂದೊಂದಾಗಿ ಏಳು, ನಾನೇ ಫೋನ್ ಮಾಡ್ತೀನಿ. ಯಾರವ್ಳು ಗೊತ್ತಾಗ್ಲಿ."

ಚಿಕ್ಕಬೈರಪ್ಪ ಒಂದೊಂದೇ ಅಂಕಿ ಹೇಳಿದ. ಕದಿರಪ್ಪ ಒತ್ತಿದ, ಸ್ಪೀಕರ್ ಹಾಕಿದ. ಎಲ್ಲರೂ ಫೋನಿನತ್ತ ಬಗ್ಗಿದರು.

ಅಡುಗೆಮನೆಯಲ್ಲಿ ಒಂದು ಮಗು ಕಿಲಕಿಲ ನಕ್ಕಿತು.

ಆ ಕಾಲದಲ್ಲಿ ಮನೆಗೊಂದರಂತೆ ಇದ್ದ ರಿಂಗ್‌ಟೋನ್ ಅದು. ಕಾಕತಾಳೀಯವಿರಬೇಕೆಂದು ಕದಿರಪ್ಪ ಕರೆ ನಿಲ್ಲಿಸಿದ. ಮಗುವೂ ನಿಲ್ಲಿಸಿತು. ಮತ್ತೆ ಒತ್ತಿದ. ಮತ್ತೆ ಕಿಲಕಿಲ. ಗಂಗರತ್ನಮ್ಮ ಹಿಟ್ಟಿನ ಕೈಯಲ್ಲೇ ಫೋನು ಕಿವಿಗಿಟ್ಟುಕೊಂಡು ಬಾಗಿಲಿಗೆ ಬಂದು, "ಹಲೋ, ಯಾರು ಮಾತಾಡೋದು?" ಎಂದಳು. ಕದಿರಪ್ಪನ ಸ್ಪೀಕರಿನಿಂದಲೂ ಅದೇ ದನಿ ಅದೇ ಮಾತು ಕೇಳಿತು.

ಇಪ್ಪತ್ತಾರು ವರ್ಷದ ಹೆಂಡತಿಯ ನಂಬರು ಚಿಕ್ಕಬೈರಪ್ಪನಿಗೆ ಗೊತ್ತಿರಲಿಲ್ಲ. ಅವನ ಫೋನಿನಲ್ಲಿ ಅದು 'ಮನೆ' ಎಂದಿತ್ತು, ಅಷ್ಟೇ. ತನ್ನ ಹೆಂಡತಿಯೇ, ತನ್ನ ಅಳಿಯನ ಜೊತೆ? "ನಾನ್ ಕೊಟ್ಟ ಫೋನಿಗೆ ಆಪ್ ಆಕ್ಸಿದ್ದೆ, ಗಿರಿ ಬರ್ದಿದ್ದೆಲ್ಲ ನಂಗೆ ಬರ್ತಿತ್ತು," ಎಂದು ತೊದಲಿದ.

ಬೀಗರು ಲೋಟ ಕೆಳಗಿಟ್ಟರು. "ಆ ಫೋನು ಹುಡುಗನ ಹತ್ರ ಎಲ್ಲೈತೆ? ನನ್ ಹಳೇದೇ ಸಾಕು ಅಂತ ನೆನ್ನೆ ಡಬ್ಬ ಬಿಚ್ಚಿ ಅವರವ್ವಂಗೆ ಕೊಟ್ಬುಟ್ಟ. ಅದ್ರಲ್ಲಿ ಬರೀತಿರೋದು ನನ್ ಹೆಂಡ್ತಿ." ಚಿಕ್ಕಬೈರಪ್ಪನ ಕಡೆ ತಿರುಗಿ ಕೇಳಿದರು, "ನನ್ ಹೆಂಡ್ತಿ ಬರೆಯೋದ್ನ ನೀವು ಕೂತ್ಕೊಂಡು ಓದ್ತಾ ಇದ್ರಾ?"

ಚಿಕ್ಕಬೈರಪ್ಪ ಫೋನನ್ನು ಬೆನ್ನ ಹಿಂದೆ ಅಡಗಿಸಿದ.

"ಓದಿದ್ದಲ್ದೆ ಊರಿಗೆಲ್ಲ ಡಂಗುರ ಹೊಡೀತಿದ್ರು," ಎಂದಳು ಗಂಗರತ್ನಮ್ಮ. ಅವಳ ದನಿ ಏರಲಿಲ್ಲ, ಅದೇ ಹೆದರಿಕೆಯಾಗುವಂತಿತ್ತು. ಗಂಡನ ಕಡೆ ತಿರುಗಿದಳು. "ಗುರುವಾರ ನಾನೂ ಬೀಗಿತ್ತೀನೂ ಹೆಬ್ಬಾಳದಲ್ಲಿ ಸ್ಕೂಟಿ ಕಲಿಯೋಕೆ ಹೋಗ್ತೀವಿ. ನಾಳೆ ಮಗಳ್ನ ನೋಡ್ಬೇಕು ಅನ್ನಿಸಿದ್ರೆ ನಿಮ್ಮ ಬೈಕು ಯಾವಾಗ ಹೊರಡುತ್ತೆ ಅಂತ ಕಾಯ್ಕೊಂಡು ಕೂರ್ಬೇಕಲ್ಲ, ಅದಕ್ಕೆ. ನಿಮ್ಗೆ ಹೇಳಿದ್ರೆ ಸ್ಕೂಟಿ ಮೇಲೂ ಅನುಮಾನ ಪಡ್ತಿದ್ರಿ."

ಬೀಗರು ಕಾಫಿ ಕುಡಿಯದೆ ಎದ್ದರು. "ನಾವು ಯೋಚ್ನೆ ಮಾಡಿ ಹೇಳ್ತೀವಿ," ಎಂದು ಹೊರಟರು. ಮದುವೆಯ ಮನೆಯಲ್ಲಿ ಅದಕ್ಕಿಂತ ಕೆಟ್ಟ ಮಾತಿಲ್ಲ. ರೂಮಿನ ಬಾಗಿಲಲ್ಲಿ ನಿಂತಿದ್ದ ಇಂದು ಅಪ್ಪನನ್ನು ಒಮ್ಮೆ ನೋಡಿದಳು. ಬೈದಿದ್ದರೆ ಬೈಸಿಕೊಳ್ಳುತ್ತಿದ್ದ; ಅವಳು ಸುಮ್ಮನೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಗಂಡಸರೆಲ್ಲ ಒಬ್ಬೊಬ್ಬರಾಗಿ ಚಪ್ಪಲಿ ಹುಡುಕಿಕೊಂಡು ಜಾರಿದರು. ಕದಿರಪ್ಪ ಮಾತ್ರ ಹೊಸ್ತಿಲಲ್ಲಿ ನಿಂತು, ಕಾಳಜಿಯಿಂದಲೇ ಕೇಳಿದ: "ಅಲ್ಲಾ ಗುರು, ಒಳ್ಳೆ ಕಂಪ್ನಿ ಬಣ್ಣ ತಗೋಬಾರ್ದಾ? ದಿಂಬಿಗೆ ಅಂಟಲ್ವಂತೆ."

ಆ ಹಗಲೆಲ್ಲ ಚಿಕ್ಕಬೈರಪ್ಪ ಜಗಲಿ ಬಿಟ್ಟು ಏಳಲಿಲ್ಲ. ಹಾಲಿನವನು ಬಂದ, ತಲೆಯೆತ್ತಿ ನೋಡಲಾಗಲಿಲ್ಲ. ಬೀದಿಯಲ್ಲಿ ಹೋಗುವವರೆಲ್ಲ ತನ್ನ ತಲೆಗೂದಲನ್ನೇ ನೋಡುತ್ತಿದ್ದಾರೆ ಅನ್ನಿಸಿ ಟವಲ್ ಸುತ್ತಿಕೊಂಡ. ಆದರೆ ಒಳಗೆ ಕೊರೆಯುತ್ತಿದ್ದದ್ದು ಬಣ್ಣವಲ್ಲ. ಹೆಂಡತಿ ಒಬ್ಬಳ ಹತ್ತಿರ ನಂಬಿ ಹೇಳಿಕೊಂಡ ಕಷ್ಟವನ್ನು ತಾನು ಎದ್ದು ನಿಂತು, ಗಂಟಲು ಸರಿಮಾಡಿಕೊಂಡು ಓದಿದ್ದ. ಓದಿ ನಕ್ಕಿದ್ದ. ಅದನ್ನು ನೆನೆದಾಗಲೆಲ್ಲ ನಾಚಿಕೆಯಿಂದ ಮೈ ಹಿಡಿಯಾಗುತ್ತಿತ್ತು. ತನ್ನ ಅನುಮಾನ ಮಗಳ ಮದುವೆಯನ್ನೇ ನುಂಗಿತಲ್ಲ ಎಂದು ಕಣ್ಣು ತುಂಬಿ ಬಂತು.

ಸಂಜೆ ದೀಪ ಹಚ್ಚುವ ಹೊತ್ತಿಗೆ ಫೋನು ತೆಗೆದ. ಈ ದರಿದ್ರದ ಆಪನ್ನು ಅಳಿಸಿಯೇಬಿಡಬೇಕೆಂದು ಬೆರಳು ಇಡುವಷ್ಟರಲ್ಲಿ ಟಣ್ ಎಂದಿತು. ಓದಬಾರದೆಂದು ಕಣ್ಣು ಮುಚ್ಚಿಕೊಂಡ. ಮತ್ತೆ ಟಣ್. ಒಂದು ಕಣ್ಣು ತೆರೆದ.

ಬೀಗಿತ್ತಿ ಬರೆದಿದ್ದರು: "ನಮ್ಮನೆಯವರನ್ನ ಒಪ್ಪಿಸಿದ್ದೀನಿ. ಮದುವೆ ನಡೆಯುತ್ತೆ. ಹುಡುಗಿ ಏನ್ ತಪ್ಪು ಮಾಡಿದಾಳೆ."

ಚಿಕ್ಕಬೈರಪ್ಪ ಟವಲಿನಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿದ. ಮತ್ತೆ ಟಣ್. ಈಗ ಅವನಿಗೆ ಬಾಯಿಪಾಠವಾಗಿದ್ದ ಆ ನಂಬರು.

"ನಿಮ್ಮ ಉಪಕಾರ ಮರೆಯಲ್ಲ ಅತ್ತಿಗೆ. ನಾನು ಮಾತ್ರ ಇವತ್ತಿಂದ ಇವ್ರ ಜೊತೆ ಮಾತಾಡಲ್ಲ. ಹೇಳೋದೆಲ್ಲ ನಿಮಗೇ ಬರೀತೀನಿ, ಹೆಂಗೂ ಓದ್ತಾರಲ್ಲ. ಆ ಆಪ್ ತೆಗೆದ್ರೆ ನಾನು ಅಕ್ಕನ ಮನೆಗೆ ನಿಜವಾಗ್ಲೂ ಹೋಗ್ತೀನಿ ಅಂತ ಹೇಳಿ."

ಇಟ್ಟ ಬೆರಳನ್ನು ಚಿಕ್ಕಬೈರಪ್ಪ ಮೆಲ್ಲಗೆ ತೆಗೆದ. ಒಳಗೆ ಹತ್ತು ಹೆಜ್ಜೆಯಾಚೆ, ಅಡುಗೆಮನೆಯ ಬೆಳಕಿನಲ್ಲಿ, ಹೆಂಡತಿ ಬೆನ್ನು ತಿರುಗಿಸಿಕೊಂಡು ಬರೆಯುತ್ತಿದ್ದುದು ಕಾಣುತ್ತಿತ್ತು.

ಟಣ್. "ಸಾರು ಬಿಸಿ ಮಾಡಿಟ್ಟಿದ್ದೀನಿ, ಬಡಿಸ್ಕೊಂಡು ತಿನ್ನಲಿ. ಅರ್ಥ ಆಯ್ತಾ ಅಂತ ಕೇಳಿ."

"ಆಯ್ತು ಕಣೇ ರತ್ನಾ! ತಪ್ಪಾಯ್ತು ಕಣೇ!" ಚಿಕ್ಕಬೈರಪ್ಪ ಜಗಲಿಯಿಂದಲೇ ಕೂಗಿದ.

ಸ್ವಲ್ಪ ಹೊತ್ತಿಗೆ ಫೋನು ಟಣ್ ಎಂದಿತು.

"ಕೂಗ್ಬೇಡಿ ಅಂತ ಹೇಳಿ ಅತ್ತಿಗೆ. ಮನೆ ಮಾತು ಕದಿರಪ್ಪಂಗೆ ಕೇಳಿಸುತ್ತೆ."